ಬಣ್ಣದ ಸಾಬೂನು: ಕಲೆಯೂ ಹೊಣೆಯೂ

ಊರು ಬಿಟ್ಟು ನಗರಗಳಲ್ಲಿ ನೆಲಸಿದ ನಮ್ಮ ಜನರ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ಗೃಹೋದ್ಯೋಗವು ತಲೆಯೆತ್ತಿದೆ. ಬಣ್ಣಬಣ್ಣದ ಪದರಗಳುಳ್ಳ, ಹೂವಿನ ಆಕಾರದ, ಒಳಗೆ ಸುಳಿಸುಳಿಯಾಗಿ ಚಿತ್ತಾರ ಮೂಡಿರುವ ಸಾಬೂನನ್ನು ಕೈಯಿಂದಲೇ ತಯಾರಿಸಿ, ಹಬ್ಬದ ದಿನಗಳಲ್ಲಿ ನೆರೆಹೊರೆಯವರಿಗೂ ಪರಿಚಿತರಿಗೂ ಮಾರುವ ಉದ್ಯೋಗವಿದು. ಇದನ್ನು ಕಲಿಸುವ ತರಗತಿಗಳು ಹುಟ್ಟಿಕೊಂಡಿವೆ. ಮೊಬೈಲ್ ಫೋನಿನ ವಿಡಿಯೋಗಳಲ್ಲಿ ಇದು ಅರ್ಧ ಗಂಟೆಯ ಆಟವೆಂಬಂತೆ ತೋರಿಸಲಾಗುತ್ತಿದೆ. ತಿಂಗಳ ಕೊನೆಯ ವಾರವನ್ನು ದೂಡುವುದೇ ಕಷ್ಟವಾಗಿರುವ ಹೋಟೆಲ್ ನೌಕರನ ಹಾಗೂ ಗುಮಾಸ್ತನ ಮನೆಯಲ್ಲಿ "ಮನೆಯಲ್ಲೇ ಕುಳಿತು ಸಂಪಾದಿಸಿರಿ" ಎಂಬ ಕರೆಗೆ ಕಿವಿಗೊಡುವವರು ಇರುವುದು ಸಹಜವೇ ಆಗಿದೆ.

ಈ ಕಸುಬನ್ನು ಹಗುರಾಗಿ ಕಾಣುವವರ ಗುಂಪಿಗೆ ನಾವು ಸೇರಿದವರಲ್ಲ. "ಬಿಡುವಿದ್ದವರ ಹವ್ಯಾಸ" ಎಂದು ಮೂಗು ಮುರಿಯುವುದು ಸುಲಭ. ಆದರೆ ಎರಡು ಕೈಗಳ ಶ್ರಮದಿಂದ ಉಪಯುಕ್ತವೂ ಸುಂದರವೂ ಆದ ಒಂದು ವಸ್ತುವನ್ನು ನಿರ್ಮಿಸುವ ಕೆಲಸವು ಯಾವ ಕಾಲಕ್ಕೂ ಗೌರವಕ್ಕೆ ಅರ್ಹವಾದುದು. ಗೌರವ ಸಲ್ಲಬೇಕಾದ ಕಸುಬಿಗೆ ಕಸುಬಿನ ಶಿಸ್ತೂ ಇರಬೇಕೆಂಬುದೇ ನಮ್ಮ ಅಭಿಪ್ರಾಯ. ಮನೆಯ ಬಳಕೆಗೆ ಸಾಬೂನು ಮಾಡುವುದು ಒಂದು ಮಾತು. ಅದನ್ನು ಪರರ ಮೈಗೆ ಹಚ್ಚಲು ಹಣ ಪಡೆದು ಕೊಡುವುದು ಇನ್ನೊಂದು ಮಾತು. ಇವೆರಡರ ನಡುವಣ ಗೆರೆಯನ್ನು ತಿಳಿಯದೆ ಕೈಯಲ್ಲಿದ್ದ ಉಳಿತಾಯವನ್ನು ಅಚ್ಚು, ಬಣ್ಣ, ಸುಗಂಧಗಳಿಗೆ ಸುರಿಯುವುದು ಬಡ ಕುಟುಂಬಕ್ಕೆ ಅಪಾಯಕರವಾದೀತು.

ಸಾಬೂನಿನ ವಿದ್ಯೆಯು ಕನ್ನಡ ನಾಡಿಗೆ ಅಪರಿಚಿತವಾದುದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ಶ್ರೀಗಂಧವು ಯೂರೋಪಿಗೆ ರಫ್ತಾಗದೆ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಪ್ರೋತ್ಸಾಹದಿಂದ ಗಂಧದೆಣ್ಣೆಯನ್ನು ನಾಡಿನಲ್ಲಿಯೇ ಬಟ್ಟಿಯಿಳಿಸುವ ಉದ್ಯಮವು ಪ್ರಾರಂಭವಾಯಿತು. ಅದರ ಬೆನ್ನಿಗೆ ಬೆಂಗಳೂರಿನಲ್ಲಿ ಸರಕಾರಿ ಸಾಬೂನು ಕಾರ್ಖಾನೆಯೂ ಬಂದಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ಶಾಸ್ತ್ರವನ್ನು ಕಲಿತು ಬಂದು ಮೈಸೂರು ಸ್ಯಾಂಡಲ್ ಸೋಪಿಗೆ ರೂಪ ಕೊಟ್ಟರು. ಜನರು ಅವರನ್ನು "ಸೋಪು ಶಾಸ್ತ್ರಿ"ಗಳೆಂದೇ ಕರೆದರು. ಗಂಧವು ನಾಡಿನಲ್ಲಿ ಹೇರಳವಾಗಿದ್ದರೂ ಸಾಬೂನು ತಾನಾಗಿ ಹುಟ್ಟಲಿಲ್ಲ. ಅದಕ್ಕೆ ಕಲಿಕೆ ಬೇಕಾಯಿತು, ಅಳತೆ ಬೇಕಾಯಿತು ಎಂಬ ಸಂಗತಿಯು ಇಂದು ಮನೆಯಲ್ಲಿ ಸಾಬೂನು ಮಾಡಹೊರಟವರಿಗೂ ಅನ್ವಯಿಸುತ್ತದೆ.

ಸಾಬೂನು ಎಂದರೇನು? ಎಣ್ಣೆ ಅಥವಾ ಕೊಬ್ಬು ತೀಕ್ಷ್ಣವಾದ ಕ್ಷಾರದೊಡನೆ ಕೂಡಿ ಎರಡೂ ತಮ್ಮ ಮೂಲ ಗುಣವನ್ನು ಕಳೆದುಕೊಂಡಾಗ ಸಾಬೂನು ಮತ್ತು ಗ್ಲಿಸರಿನ್ ಹುಟ್ಟುತ್ತವೆ. ಗಟ್ಟಿ ಸಾಬೂನಿಗೆ ಬೇಕಾದ ಕ್ಷಾರವೇ ಕಾಸ್ಟಿಕ್ ಸೋಡಾ. "ರಾಸಾಯನಿಕಗಳಿಲ್ಲದ ಸಾಬೂನು" ಎಂಬ ಜಾಹೀರಾತಿನ ಮಾತಿಗೆ ಆದುದರಿಂದ ಅರ್ಥವೇ ಇಲ್ಲ. ಕ್ಷಾರವಿಲ್ಲದೆ ಸಾಬೂನು ಆಗುವುದಿಲ್ಲ. ಸರಿಯಾಗಿ ಮಾಡಿದ ಸಾಬೂನಿನಲ್ಲಿ ಆ ಕ್ಷಾರವು ಉಳಿದಿರುವುದಿಲ್ಲ. ದೊಡ್ಡ ಕಾರ್ಖಾನೆಗಳು ಸಾಮಾನ್ಯವಾಗಿ ಗ್ಲಿಸರಿನ್ನನ್ನು ಬೇರ್ಪಡಿಸಿಕೊಳ್ಳುತ್ತವೆ. ಕೈಯಿಂದ ಮಾಡಿದ ಸಾಬೂನಿನಲ್ಲಿ ಅದು ಉಳಿಯುತ್ತದೆ. ಇದು ಮನೆಯ ಸಾಬೂನಿನ ನಿಜವಾದ ಗುಣ. ಅಷ್ಟನ್ನು ಹೇಳಿ ಮಾರಿದರೆ ಸಾಕು. ಇಸಬು ಮಾಯುವುದು, ಮೊಡವೆ ಹೋಗುವುದು, ಬಣ್ಣ ಬೆಳ್ಳಗಾಗುವುದು ಎಂದು ಸೇರಿಸುವುದು ಕೊಳ್ಳುವವರಿಗೆ ಮಾಡುವ ಮೋಸ. ರೋಗ ಗುಣಪಡಿಸುತ್ತದೆಂದು ಹೇಳಿದ ಕ್ಷಣದಲ್ಲಿ ಆ ವಸ್ತುವನ್ನು ಕಾನೂನು ಔಷಧದ ದೃಷ್ಟಿಯಿಂದ ನೋಡುತ್ತದೆ ಎಂಬುದನ್ನೂ ಮರೆಯಬಾರದು.

ಈ ಕೆಲಸದ ಜೀವಾಳವು ತಕ್ಕಡಿಯಲ್ಲಿದೆ. ಒಂದೊಂದು ಎಣ್ಣೆಗೆ ಬೇಕಾದ ಕ್ಷಾರದ ಪ್ರಮಾಣವು ಒಂದೊಂದು ಬಗೆಯದು. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿಯಾಗಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಒಂದು ಕಿಲೋ ಕಡಲೆಕಾಯಿ ಎಣ್ಣೆಗೆ ಸುಮಾರು 136 ಗ್ರಾಂ ಸಾಕು. ಹರಳೆಣ್ಣೆಗೆ ಸುಮಾರು 128 ಗ್ರಾಂ. ಕೊಬ್ಬರಿ ಎಣ್ಣೆಯ ಲೆಕ್ಕವನ್ನು ಕಡಲೆಕಾಯಿ ಎಣ್ಣೆಗೆ ಹಾಕಿದವರ ಸಾಬೂನಿನಲ್ಲಿ ಸುಮಾರು 47 ಗ್ರಾಂ ಹಸಿ ಕ್ಷಾರವು ಉಳಿಯುತ್ತದೆ. ಅದು ಮೈಯನ್ನು ಸುಡದೆ ಬಿಡದು. ಅನುಭವಿಗಳು ಲೆಕ್ಕಕ್ಕಿಂತ ನೂರಕ್ಕೆ 5ರಷ್ಟು ಕಡಿಮೆ ಕ್ಷಾರವನ್ನು ಹಾಕಿ ಸ್ವಲ್ಪ ಎಣ್ಣೆಯನ್ನು ಉಳಿಸುವುದು ಇದಕ್ಕಾಗಿಯೇ. ಅಡುಗೆಮನೆಯಲ್ಲಿ ಕೈಯಳತೆ ನಡೆಯುತ್ತದೆ. ಸಾಂಬಾರಿಗೆ ಉಪ್ಪು ಹೆಚ್ಚಾದರೆ ನೀರು ಸೇರಿಸಬಹುದು. ಇಲ್ಲಿ ಲೋಟದ ಅಳತೆ, ಚಮಚದ ಅಳತೆ ಎರಡೂ ಸಲ್ಲವು. ಗ್ರಾಮನ್ನು ತೋರಿಸುವ ಸಣ್ಣ ವಿದ್ಯುತ್ ತಕ್ಕಡಿಯನ್ನು ಕೊಳ್ಳಲು ಮನಸ್ಸಿಲ್ಲದವರು ಕಾಸ್ಟಿಕ್ ಸೋಡಾವನ್ನೂ ಕೊಳ್ಳದಿರುವುದೇ ಲೇಸು.

ಇನ್ನು ಅಪಾಯದ ಮಾತು. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರನ್ನು ಎಂದಿಗೂ ಸುರಿಯಕೂಡದು. ನೀರಿಗೆ ಹಾಕಿದಾಗಲೂ ಒಲೆಯಿಲ್ಲದೆಯೇ ಆ ದ್ರಾವಣವು ಕುದಿಯುವ ಮಟ್ಟದ ಸಮೀಪಕ್ಕೆ ಕಾಯುತ್ತದೆ. ಗಂಟಲನ್ನು ಹಿಡಿಯುವ ಆವಿ ಏಳುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಬಳಸಲೇಕೂಡದು. ಕ್ಷಾರವು ಆ ಲೋಹವನ್ನು ತಿಂದು, ಬೆಂಕಿ ತಗಲಿದರೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಹೊರಬಿಡುತ್ತದೆ. ಸ್ಟೀಲಿನ ಪಾತ್ರೆ, ರಬ್ಬರಿನ ಕೈಗವುಸು, ಕಣ್ಣಿಗೆ ಮುಚ್ಚುಗನ್ನಡಕ, ಮೈತುಂಬ ಬಟ್ಟೆ, ತೆರೆದ ಕಿಟಕಿ ಇವಿಷ್ಟೂ ಇರತಕ್ಕದ್ದು. ಚರ್ಮದ ಮೇಲೆ ಸಿಡಿದರೆ ಹರಿಯುವ ನೀರಿನಲ್ಲಿ 15-20 ನಿಮಿಷ ಬಿಡದೆ ತೊಳೆಯಬೇಕು. ನಿಂಬೆರಸ, ವಿನೆಗರ್ ಎಂದು ಹುಡುಕುತ್ತಾ ಕೂರಬಾರದು. ಕಣ್ಣಿಗೆ ಬಿದ್ದರೆ ಹಾಗೆಯೇ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಗುವೇನಾದರೂ ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಕೂಡದು. ಇಳಿಯುವಾಗ ಸುಟ್ಟ ಗಂಟಲನ್ನು ಅದು ಮೇಲೇರುವಾಗ ಮತ್ತೊಮ್ಮೆ ಸುಡುತ್ತದೆ. ನೀರಿನ ಬಾಟಲಿಯಲ್ಲಿ ಕ್ಷಾರದ ದ್ರಾವಣವನ್ನು ತುಂಬಿಡುವುದು ಅಕ್ಷಮ್ಯ.

ಒಂದೇ ಕೋಣೆಯ ಸಂಸಾರಗಳು ನಮ್ಮ ಓದುಗರಲ್ಲಿ ಎಷ್ಟಿವೆ ಎಂಬುದನ್ನು ನಾವು ಬಲ್ಲೆವು. ಅಡುಗೆ, ಊಟ, ನಿದ್ರೆ, ಮಕ್ಕಳ ಪಾಠ ಎಲ್ಲವೂ ಹತ್ತಡಿ ಚೌಕದಲ್ಲಿ ನಡೆಯುವ ಖೋಲಿಯಲ್ಲಿ, ತೆವಳುವ ಮಗುವಿನ ಎದುರಿಗೆ ಕಾಸ್ಟಿಕ್ ಸೋಡಾವನ್ನು ಬಿಚ್ಚುವುದು ಯಾವ ಸಂಪಾದನೆಗೂ ತಕ್ಕ ಸಾಹಸವಲ್ಲ. ಅಂಥವರು ನಿರಾಶರಾಗಬೇಕಾದುದಿಲ್ಲ. ಕ್ಷಾರದ ಕೆಲಸವನ್ನು ಕಾರ್ಖಾನೆಯೇ ಮುಗಿಸಿ ಕೊಟ್ಟಿರುವ "ಸೋಪ್ ಬೇಸ್" ಎಂಬ ಗಟ್ಟಿಯು ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ತುಂಡರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಮೆಲ್ಲಗೆ ಕರಗಿಸಿ, ಬಣ್ಣವನ್ನೂ ಸುಗಂಧವನ್ನೂ ಬೆರೆಸಿ ಅಚ್ಚಿಗೆ ಹೊಯ್ದರೆ ಕೆಲವೇ ಗಂಟೆಗಳಲ್ಲಿ ಸಾಬೂನು ಸಿದ್ಧ. ಒಂದು ಪದರ ಹೆಪ್ಪುಗಟ್ಟುತ್ತಿರುವಾಗ, ಇನ್ನೂ ಬೆಚ್ಚಗಿರುವಂತೆಯೇ, ಅದರ ಮೇಲೆ ಮತ್ತೊಂದು ಬಣ್ಣವನ್ನು ಹೊಯ್ದು ಪಟ್ಟೆಗಳನ್ನು ಮೂಡಿಸಬಹುದು. ಒಂದು ಬಣ್ಣದ ತುಂಡುಗಳನ್ನು ಪಾರದರ್ಶಕ ಸಾಬೂನಿನ ಒಳಗೆ ಕೂರಿಸಬಹುದು. ಕಲೆಗೆ ಬೇಕಾದಷ್ಟು ಅವಕಾಶ ಇಲ್ಲಿಯೇ ಇದೆ. ಮುಂಬಯಿಯ ಮಳೆಗಾಲದಲ್ಲಿ ಮಾತ್ರ ಇದು ಬೆವರುತ್ತದೆ. ಅದರೊಳಗಿನ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವುದೇ ಕಾರಣ. ಅಚ್ಚಿನಿಂದ ತೆಗೆದು ತಣಿದೊಡನೆ ಗಾಳಿಯಾಡದಂತೆ ಸುತ್ತಿಟ್ಟರೆ ಈ ತೊಂದರೆಯಿಲ್ಲ.

ಎಣ್ಣೆಯಿಂದಲೇ ಮಾಡುವವರಿಗೆ ಬೇಕಾದ ಗುಣವೆಂದರೆ ತಾಳ್ಮೆ. ಎಣ್ಣೆಯೂ ಕ್ಷಾರವೂ ಕೂಡಿ ತೆಳುವಾದ ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಅದನ್ನು ಬೇರೆ ಬೇರೆ ಪಾತ್ರೆಗಳಿಗೆ ಹಂಚಿ, ಬಣ್ಣ ಕೂಡಿಸಿ, ಒಂದರೊಳಗೊಂದು ಹೊಯ್ದು ಕಡ್ಡಿಯಿಂದ ಎಳೆದರೆ ಸುಳಿಗಳು ಮೂಡುತ್ತವೆ. ಒಂದೆರಡು ದಿನಗಳಲ್ಲಿ ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಆದರೆ ನೀರಿನ ಅಂಶವು ಆರಿ, ಸಾಬೂನು ಗಡುಸಾಗಿ ಮೈಗೆ ಮೃದುವಾಗಲು ನಾಲ್ಕರಿಂದ ಆರು ವಾರಗಳ ಕಾಲ ಗಾಳಿಯಾಡುವ ಕಡೆಯಲ್ಲಿ ಇಡಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ದೀಪಾವಳಿಗೆ ಮಾರಬೇಕಾದ ಸಾಬೂನನ್ನು ಗಣೇಶನ ಹಬ್ಬದ ಹೊತ್ತಿಗೇ ಮಾಡಿರಬೇಕೆಂದು ಇದರ ಅರ್ಥ. ಹಬ್ಬದ ಹಿಂದಿನ ವಾರ ಮಾಡಿ ಮಾರಿದ ಸಾಬೂನು ನೋಡಲು ಎಷ್ಟೇ ಚೆಂದವಿದ್ದರೂ ಅರೆಬೆಂದ ಅನ್ನಕ್ಕೆ ಸಮಾನ.

ಬಣ್ಣದ ವಿಷಯದಲ್ಲಿ ನಮ್ಮ ಮನೆಗಳಿಗೆ ಹಳೆಯ ಅನುಭವವೇ ಇದೆ. ಅರಿಸಿನದ ನೀರಿಗೆ ಸುಣ್ಣ ಬೆರೆಸಿದರೆ ಓಕುಳಿಯು ಕೆಂಪಾಗುವುದನ್ನು ಕಾಣದ ಕನ್ನಡಿಗರಾರು? ಸಾಬೂನಿನ ಕ್ಷಾರದಲ್ಲಿಯೂ ಅರಿಸಿನವು ಹಾಗೆಯೇ ಮೊದಲು ಕೆಂಪಡರಿ, ಬರಬರುತ್ತಾ ಮಾಗಿದ ಹಳದಿಗೆ ಇಳಿಯುತ್ತದೆ. ಬೀಟ್‌ರೂಟಿನ ರಸವು ಗುಲಾಬಿ ಬಣ್ಣವನ್ನು ಕೊಡುವುದೆಂದು ನಂಬಿದವರಿಗೆ ಮಣ್ಣಿನ ಕಂದು ಬಣ್ಣ ಸಿಗುತ್ತದೆ. ದಾಸವಾಳದ ಕೆಂಪೂ ಕ್ಷಾರದಲ್ಲಿ ನಿಲ್ಲದು. ನೀಲಿ ಗಿಡದ ನೀಲಿ, ಇದ್ದಿಲಿನ ಕಪ್ಪು, ಶುದ್ಧಗೊಳಿಸಿದ ಜೇಡಿಮಣ್ಣುಗಳ ಕೆಂಪು ಹಾಗೂ ಬಿಳುಪು ಇವು ನಿಲ್ಲತಕ್ಕ ಬಣ್ಣಗಳು. ಹೋಳಿಯ ಬಣ್ಣ, ರಂಗೋಲಿ ಪುಡಿ, ಬಟ್ಟೆಗೆ ಹಾಕುವ ಬಣ್ಣ ಇವು ಮೈಗೆ ಹಚ್ಚುವ ಸಾಬೂನಿಗೆ ಸಲ್ಲವು. ಮಿಠಾಯಿಯ ಬಣ್ಣವು ತಿನ್ನಲು ಯೋಗ್ಯವೆಂದ ಮಾತ್ರಕ್ಕೆ ಸಾಬೂನಿಗೂ ಒಗ್ಗುವುದೆಂದಿಲ್ಲ. ಅದು ಮಾಸುತ್ತದೆ, ಒಂದು ಪದರದಿಂದ ಇನ್ನೊಂದಕ್ಕೆ ಹರಿಯುತ್ತದೆ. ಪ್ರಸಾಧನ ಸಾಮಗ್ರಿಗಳಿಗೆ ಒಪ್ಪಿಗೆಯಾದ ಬಣ್ಣಗಳ ಪಟ್ಟಿಯನ್ನು ಭಾರತೀಯ ಮಾನಕ ಸಂಸ್ಥೆಯು ಐಎಸ್ 4707 ಎಂಬ ಮಾನಕದಲ್ಲಿ ಕೊಟ್ಟಿದೆ. ಅಂಗಡಿಯಲ್ಲಿ ಬಣ್ಣ ಕೇಳುವಾಗ ಪ್ರಸಾಧನಕ್ಕೆ ಯೋಗ್ಯವಾದುದೇ ಎಂದು ವಿಚಾರಿಸಿ, ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳತಕ್ಕದ್ದು.

ಆಕಾರದ ಬಗೆಗೂ ಒಂದು ಮಾತು. ಪೇಡೆ, ಮೋದಕ, ಜಿಲೇಬಿ, ಹಣ್ಣಿನ ಹೋಳುಗಳನ್ನು ಹೋಲುವ ಸಾಬೂನುಗಳಿಗೆ ಈಗ ಬೇಡಿಕೆಯಿದೆ. ತಟ್ಟೆಯಲ್ಲಿಟ್ಟರೆ ದೊಡ್ಡವರೂ ಮೋಸಹೋಗುವಷ್ಟು ಅವು ನೈಜವಾಗಿರುತ್ತವೆ. ಕೌಶಲವನ್ನು ಮೆಚ್ಚೋಣ, ಆದರೆ ಎರಡು ವರ್ಷದ ಮಗುವಿಗೆ ಪೇಡೆಗೂ ಸಾಬೂನಿಗೂ ಭೇದ ತಿಳಿಯುವುದೆಂತು? ತಿಂಡಿಯ ವಾಸನೆಯನ್ನೂ ಬೆರೆಸಿದರಂತೂ ಹೇಳುವುದೇ ಬೇಡ. ಹೂವು, ಎಲೆ, ಶಂಖ, ದೀಪ ಎಂದು ನೂರು ಆಕಾರಗಳಿರುವಾಗ ತಿಂಡಿಯ ಆಕಾರವನ್ನು ಕೈಬಿಡುವುದೇ ಯೋಗ್ಯವೆಂದು ನಮ್ಮ ಸ್ಪಷ್ಟ ಅಭಿಪ್ರಾಯ.

ಹೋಟೆಲ್ ಬಂಧುಗಳಿಗೆ ಇನ್ನೊಂದು ಸೂಚನೆ. ವಡೆ, ಬಜ್ಜಿ ಕರಿದು ಉಳಿದ ಹಳೆಯ ಎಣ್ಣೆಯನ್ನು ಮನೆಗೆ ಒಯ್ದು ಸಾಬೂನು ಮಾಡಬಹುದಲ್ಲವೇ ಎಂಬ ಪ್ರಶ್ನೆಯುಂಟು. ಕರಿದ ಎಣ್ಣೆಯಿಂದ ಬಟ್ಟೆಗೂ ಪಾತ್ರೆಗೂ ತಕ್ಕ ಸಾಬೂನು ಆಗುತ್ತದೆ, ನಿಜ. ಆದರೆ ಹಲವು ಬಾರಿ ಕಾದ, ಹಲವು ಎಣ್ಣೆಗಳು ಬೆರೆತ ಆ ದ್ರವಕ್ಕೆ ಕ್ಷಾರದ ಲೆಕ್ಕವನ್ನು ನಿಖರವಾಗಿ ಹಾಕುವುದು ಕಠಿಣ, ವಾಸನೆಯೂ ಹೋಗದು. ಮೈಗೆ ಹಚ್ಚುವ ಬಣ್ಣದ ಸಾಬೂನಿಗೆ ಅದು ಸರ್ವಥಾ ಬೇಡ. 2018ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ, ಕರಿಯುವ ಎಣ್ಣೆಯಲ್ಲಿ ಕೆಟ್ಟ ಅಂಶಗಳ ಅಳತೆಯಾದ ಒಟ್ಟು ಧ್ರುವೀಯ ಸಂಯುಕ್ತಗಳು ನೂರಕ್ಕೆ 25ನ್ನು ಮೀರಿದರೆ ಅದನ್ನು ಅಡುಗೆಗೆ ಬಳಸಕೂಡದು. ಅಂಥ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮೊದಲಾದವಕ್ಕೆ ಒಯ್ಯುವ ವ್ಯವಸ್ಥೆಯೂ ಅದೇ ವರ್ಷ ಪ್ರಾರಂಭವಾಯಿತು. ಹಳೆಯ ಎಣ್ಣೆಯ ದಾರಿ ಅದು.

ಈಗ ಮಾರಾಟದ ವಿಷಯಕ್ಕೆ ಬರೋಣ. ತರಗತಿ ನಡೆಸುವವರು ಹಲವೊಮ್ಮೆ ಹೇಳದೆ ಬಿಡುವ ಸಂಗತಿ ಇಲ್ಲಿದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯು ಒಂದು ಕಾಲದಲ್ಲಿ ಸಾಬೂನನ್ನು ಪ್ರಸಾಧನ ಸಾಮಗ್ರಿಯ ವ್ಯಾಖ್ಯೆಯಿಂದ ಹೊರಗಿಟ್ಟಿತ್ತು. 1982ರ ತಿದ್ದುಪಡಿಯು ಆ ವಿನಾಯಿತಿಯನ್ನು ತೆಗೆದುಹಾಕಿತು. ಅಂದಿನಿಂದ ಮೈಸಾಬೂನನ್ನು ಮಾರಾಟಕ್ಕಾಗಿ ತಯಾರಿಸಲು ಪರವಾನಗಿ ಬೇಕು. ಈಗ ಇದು 2020ರ ಪ್ರಸಾಧನ ಸಾಮಗ್ರಿಗಳ ನಿಯಮಗಳಂತೆ ನಡೆಯುತ್ತದೆ. "ನಾವು ಬರಿದೇ ಬೇಸ್ ಕರಗಿಸಿ ಅಲಂಕರಿಸುತ್ತೇವೆ" ಎಂಬ ಸಮಾಧಾನವೂ ನಿಲ್ಲದು. ಮಾರಾಟದ ಉದ್ದೇಶದಿಂದ ಅಲಂಕರಿಸುವುದು, ಪೊಟ್ಟಣ ಕಟ್ಟುವುದು, ಚೀಟಿ ಅಂಟಿಸುವುದು ಇವನ್ನೂ ಕಾಯಿದೆಯು "ತಯಾರಿಕೆ" ಎಂದೇ ಎಣಿಸಿದೆ. ತಯಾರಿಸುವ ಸ್ಥಳವು ವಾಸದ ಮನೆಯಾಗಿರಕೂಡದು, ವಾಸದ ಜಾಗಕ್ಕೆ ಹೊಂದಿಕೊಂಡಿರಲೂಕೂಡದು ಎಂಬ ನಿಬಂಧನೆಯೂ ಉಂಟು. ಅಂದಮೇಲೆ "ಮನೆಯಲ್ಲೇ ಕುಳಿತು ಸಂಪಾದಿಸಿರಿ" ಎಂದು ಶುಲ್ಕ ಪಡೆದು ಕಲಿಸುವವರು ಅರ್ಧ ಸತ್ಯವನ್ನಷ್ಟೇ ಮಾರುತ್ತಿದ್ದಾರೆ.

ಲೆಕ್ಕದ ಪುಸ್ತಕವನ್ನು ಬಲ್ಲ ಗುಮಾಸ್ತ ಬಂಧುಗಳು ಇನ್ನೊಂದನ್ನೂ ಗಮನಿಸಬೇಕು. ಎಣ್ಣೆ, ಬಣ್ಣ, ಸುಗಂಧ, ಕಾಗದ ಇವುಗಳ ಬೆಲೆಯನ್ನು ಮಾರಿದ ಬೆಲೆಯಿಂದ ಕಳೆದು ಉಳಿದುದೆಲ್ಲ ಲಾಭವೆಂದು ಹಲವರು ಭಾವಿಸುತ್ತಾರೆ. ಒಡೆದುಹೋದ ತುಂಡು, ಬಣ್ಣ ಕೆಟ್ಟ ಕಂತು, ಉಡುಗೊರೆಯಾಗಿ ಹೋದ ಸಾಬೂನು, ಅಚ್ಚುಗಳಿಗೆ ಸುರಿದ ಹಣ, ಎಲ್ಲಕ್ಕಿಂತ ಮಿಗಿಲಾಗಿ ಗೃಹಿಣಿಯ ದುಡಿಮೆಯ ಗಂಟೆಗಳು ಆ ಪುಸ್ತಕದಲ್ಲಿ ಕಾಣುವುದೇ ಇಲ್ಲ. ಕಾರ್ಖಾನೆಯ ಸಾಬೂನಿನ ಬೆಲೆಯೊಡನೆ ಕೈಕೆಲಸವು ಸ್ಪರ್ಧಿಸಲಾರದು. ಕಲೆಗೆ ಬೆಲೆ ಕೊಡುವ ಗಿರಾಕಿಗಳು ಎಷ್ಟು ಮಂದಿ ಎಂಬುದನ್ನು ಮೊದಲು ತಿಳಿದು, ಅಷ್ಟಕ್ಕೇ ಬಂಡವಾಳ ಹೂಡುವುದು ವಿವೇಕ. ಸಾಲ ತಂದು ಪ್ರಾರಂಭಿಸುವ ಕಸುಬು ಇದಲ್ಲ.

ಹಾಗಾದರೆ ದಾರಿಯೇನು? ಕಾನೂನನ್ನು ಕಣ್ತಪ್ಪಿಸಿ ಮಾರಿರೆಂದು ನಾವು ಹೇಳಲಾರೆವು. ಆಸೆಯನ್ನೇ ಬಿಟ್ಟುಬಿಡಿರೆಂದೂ ಹೇಳಲಾರೆವು. ವಾಸದ ಮನೆಯಲ್ಲಿ ಮಾರಾಟದ ಸಾಬೂನು ಬೇಡವೆಂಬ ನಿಯಮದ ಹಿಂದೆ ಅರ್ಥವಿದೆ. ಅನ್ನ ಬೇಯುವಲ್ಲಿ ಕ್ಷಾರವಿರಬಾರದೆಂಬುದನ್ನು ನಾವೂ ಮೇಲೆ ಹೇಳಿದ್ದೇವೆ. ಒಬ್ಬ ಗೃಹಿಣಿಯು ಬೇರೆ ಗಾಳೆ ಹಿಡಿದು ಪರವಾನಗಿ ಪಡೆಯುವುದು ಅಸಾಧ್ಯ. ಹತ್ತು ಹದಿನೈದು ಮಂದಿ ಒಂದಾದರೆ ಸಾಧ್ಯ. ನಮ್ಮ ಸಂಘಸಂಸ್ಥೆಗಳಿಗೆ ಸ್ವಂತ ಕಟ್ಟಡಗಳಿವೆ. ವಾರದ ಬಹುದಿನ ಮಧ್ಯಾಹ್ನಗಳಲ್ಲಿ ಅವುಗಳ ಕೋಣೆಗಳು ಬೀಗ ಹಾಕಿಕೊಂಡೇ ಇರುತ್ತವೆ. ಅಂಥ ಒಂದು ಕೋಣೆಯನ್ನು ಈ ಕೆಲಸಕ್ಕೆಂದೇ ಪ್ರತ್ಯೇಕವಾಗಿ ಬಿಟ್ಟುಕೊಟ್ಟು, ತಕ್ಕಡಿ, ನೀರು, ಗಾಳಿ, ಕಪಾಟುಗಳನ್ನು ಒದಗಿಸಿ, ಸಹಕಾರದ ತತ್ತ್ವದ ಮೇಲೆ ಒಂದೇ ಪರವಾನಗಿಯಡಿ ನಡೆಸುವುದೇಕೆ ಆಗದು? ಅದಕ್ಕೂ ಮೊದಲ ಮೆಟ್ಟಿಲಾಗಿ, ಪರವಾನಗಿಯುಳ್ಳ ಇನ್ನೊಬ್ಬರ ಕಾರ್ಖಾನೆಯಲ್ಲಿ ತಮ್ಮ ಹೆಸರಿನ ಸಾಬೂನನ್ನು ತಯಾರಿಸಲು ಅವಕಾಶ ಕೊಡುವ "ಲೋನ್ ಲೈಸೆನ್ಸ್" ಎಂಬ ಏರ್ಪಾಟೂ ನಿಯಮಗಳಲ್ಲಿದೆ. ಸಂಘದ ವಕೀಲರೋ ಲೆಕ್ಕಪರಿಶೋಧಕರೋ ಒಂದು ದಿನ ಕುಳಿತು ಈ ಕಾಗದಪತ್ರಗಳ ದಾರಿಯನ್ನು ವಿವರಿಸಿದರೆ ಅದು ಒಂದು ಸನ್ಮಾನ ಸಮಾರಂಭಕ್ಕಿಂತ ಹೆಚ್ಚಿನ ಸೇವೆಯೆನಿಸೀತು.

ಇದು ಆಗದ ಮಾತೆಂದು ತಲೆಯಾಡಿಸುವವರಿಗೆ ನಮ್ಮ ಸಮಾಜದ ಇತಿಹಾಸವೇ ಉತ್ತರ. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದ ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳನ್ನು ತೆರೆದವರು ನಮ್ಮ ಹಿರಿಯರು. ಇದ್ದ ಕೋಣೆಗಳಲ್ಲಿ, ಸಿಕ್ಕ ಗಂಟೆಗಳಲ್ಲಿ ಕಲಿಸಿ ಆ ಹುಡುಗರನ್ನು ಗುಮಾಸ್ತರನ್ನಾಗಿ, ವಕೀಲರನ್ನಾಗಿ ಮಾಡಿದರು. ರಾತ್ರಿಯ ಶಾಲೆಯನ್ನು ನಡೆಸಿದ ಸಮಾಜಕ್ಕೆ ಮಧ್ಯಾಹ್ನದ ಕಾರ್ಯಶಾಲೆಯೊಂದನ್ನು ನಡೆಸುವುದು ಅಸಾಧ್ಯವೇನಲ್ಲ. ಮಾಟುಂಗಾದಿಂದ ಮೊದಲ್ಗೊಂಡು ನಗರದ ಮೂಲೆಮೂಲೆಗಳಲ್ಲಿ ಉಡುಪಿ ಹೋಟೆಲುಗಳು ಹೆಸರು ಗಳಿಸಿದುದೂ ಚೊಕ್ಕಟತನದಿಂದ ಹಾಗೂ ಇಂದು ಬಡಿಸಿದ ರುಚಿಯನ್ನೇ ನಾಳೆಯೂ ಬಡಿಸುವ ನಿಯತ್ತಿನಿಂದ. ಸಾಬೂನಿಗೂ ಅದೇ ನಿಯತ್ತು ಬೇಕು: ಪ್ರತಿ ಕಂತಿನ ತೂಕವನ್ನೂ ತಾರೀಖನ್ನೂ ಬರೆದಿಡುವುದು, ಒಳಗಿರುವ ವಸ್ತುಗಳನ್ನು ಚೀಟಿಯಲ್ಲಿ ನಮೂದಿಸುವುದು, ಆರದ ಸಾಬೂನನ್ನು ಕೊಡದಿರುವುದು.

ಕೊನೆಯದಾಗಿ ಮನೆಯ ಯಜಮಾನರಿಗೆ ಒಂದು ವಿನಂತಿ. ಇದು ಗೃಹಿಣಿಯ ಕೈಕೆಲಸವಾಗಿದ್ದರೆ ಅದರಿಂದ ಬಂದ ಹಣವು ಆಕೆಯ ಹೆಸರಿನ ಖಾತೆಯಲ್ಲಿಯೇ ಜಮೆಯಾಗಲಿ. ಲೆಕ್ಕ ಬರೆಯಲು ಕೈಜೋಡಿಸಿರಿ. ಸಾಬೂನು ಮಾಡುವ ಹೊತ್ತು ಮಗುವನ್ನು ಹೊರಗೆ ಕರೆದೊಯ್ಯಿರಿ. ಮೊದಲ ಸಾಬೂನು ಕೆಟ್ಟರೆ ನಗಬೇಡಿರಿ. ಮನೆಯವರ ಬಳಕೆಗೆ ನಾಲ್ಕಾರು ಬಾರಿ ಮಾಡಿ, ಹದ ಕೈಗೆ ಹತ್ತಿದ ಮೇಲೆ, ಸಮಾನಮನಸ್ಕರಾದ ನೆರೆಯವರೊಡನೆ ನಿಮ್ಮ ಸಂಘದ ಕಾರ್ಯದರ್ಶಿಯನ್ನು ಕಂಡು ಒಂದು ಕೋಣೆಯನ್ನು ಕೇಳಿರಿ. ಕೇಳುವವರು ಹತ್ತು ಮಂದಿ ಒಟ್ಟಿಗೆ ಬಂದರೆ ಬಾಗಿಲು ತೆರೆಯುವುದೆಂದು ನಾವು ನಂಬಿದ್ದೇವೆ.